ಕಸ್ತೂರಮ್ಮನ ಜಗಲಿ

ಜಗಳೂರು ರಸ್ತೆಯಲ್ಲಿ ಬಸ್ಸಿಳಿದು ಒಂದು ಮೈಲಿ ನಡೆದರೆ ಸಿಗುವ ಆ ಊರಿನ ಕೆಳಗಿನ ಓಣಿಯಲ್ಲಿ ಒಂದು ಪದ್ಧತಿ ಇತ್ತು. ಯಾರ ಮನೆಗೆ ನೆಂಟರು ಬರಲಿ, ಹೆಣ್ಣು ನೋಡುವವರು ಬರಲಿ, ಓಟು ಕೇಳುವವರು ಬರಲಿ, ಕೂರಿಸುವುದು ಮಾತ್ರ ಕಸ್ತೂರಮ್ಮನ ಜಗಲಿ ಮೇಲೆ. ಓಣಿಗೆಲ್ಲ ಆರ್‌ಸಿಸಿ ಮನೆ ಅಂತ ಇದ್ದದ್ದು ಅದೊಂದೇ. ಕಡಪ ಕಲ್ಲು ಹಾಸಿದ ಅಗಲವಾದ ಜಗಲಿ, ಬಾಗಿಲ ಮೇಲೆ 'ಕಸ್ತೂರಿ ನಿಲಯ' ಅಂತ ನೀಲಿ ಬಣ್ಣದ ಅಕ್ಷರ. ಕಸ್ತೂರಮ್ಮನ ಗಂಡ ಷಣ್ಮುಖಪ್ಪ ಜಗಳೂರಿನಲ್ಲಿ ಗೊಬ್ಬರದ ಅಂಗಡಿ ಇಟ್ಟವನು. ಮನೆ ಮಾತ್ರ ಹೆಂಡತಿಯ ಹೆಸರಲ್ಲಿ, ಯಾಕೆಂದರೆ ಸ್ಲ್ಯಾಬು ಹಾಕಿಸುವಾಗ ಕರಗಿದ್ದು ಅವಳ ತವರಿನ ಬಂಗಾರ.

ಎದುರು ಮನೆ ಲಕ್ಷ್ಮಕ್ಕನದು. ಮನೆ ಅನ್ನುವುದು ದೊಡ್ಡ ಮಾತು. ಮಣ್ಣಿನ ಗೋಡೆ, ಅರ್ಧ ಹೆಂಚು, ಅರ್ಧ ತಗಡು, ಎರಡರ ನಡುವೆ ಒಂದು ನೀಲಿ ತಾಡಪಾಲು. ಗಂಡ ಸತ್ತು ಹನ್ನೊಂದು ವರ್ಷ. ಈರುಳ್ಳಿ ಕೀಳಲು, ಮೆಕ್ಕೆಜೋಳ ಮುರಿಯಲು ಕೂಲಿಗೆ ಹೋಗಿ ಒಬ್ಬಳೇ ಮಗಳು ಉಷಾರಾಣಿಯನ್ನು ಹೊನ್ನಾಳಿಗೆ ಕೊಟ್ಟಿದ್ದಳು. ಹೊನ್ನಾಳಿಯವರು ಹುಡುಗಿಯನ್ನು ನೋಡಿ ಒಪ್ಪಿದ್ದು ಕಸ್ತೂರಮ್ಮನ ಜಗಲಿಯಲ್ಲಿ, ಕಸ್ತೂರಮ್ಮನ ಸ್ಟೀಲ್ ತಟ್ಟೆಯಲ್ಲಿ ಉಪ್ಪಿಟ್ಟು ತಿಂದು. ಆದರೆ ಜಗಲಿ ಅಂದರೆ ಜಗಲಿ ಅಷ್ಟೇ. ಮೂವತ್ತು ವರ್ಷದ ನೆರೆಯಲ್ಲಿ ಲಕ್ಷ್ಮಕ್ಕ ಆ ಮನೆಯ ಹೊಸ್ತಿಲು ದಾಟಿದವಳಲ್ಲ. ಬರಬೇಡ ಅಂತ ಯಾರೂ ಅಂದಿರಲಿಲ್ಲ, ಬಾ ಅಂತಲೂ ಅಂದಿರಲಿಲ್ಲ.

ಕಳೆದ ಬೇಸಿಗೆಯಲ್ಲಿ ಮನೆ ಇಲ್ಲದವರ ಸರ್ವೆ ಬರುತ್ತದೆ ಅಂತ ಸುದ್ದಿ ಬಂತು. ಅದೇ ವಾರ ಉಷಾರಾಣಿ ಫೋನು ಮಾಡಿ ಎರಡು ತಿಂಗಳಾಯಿತು ಅಂದಿದ್ದಳು. ಲಕ್ಷ್ಮಕ್ಕನ ತಲೆಯಲ್ಲಿ ಆಗಲೇ ಹೊಸ ಮನೆ ಎದ್ದು ನಿಂತಿತು. ಚೊಚ್ಚಲ ಹೆರಿಗೆ ತವರಲ್ಲಿ ತಾನೆ? ದಸರಾ ಹೊತ್ತಿಗೆ ಮಗಳು ಬಂದರೆ ಬಾಣಂತಿಗೆ ಒಂದು ಬೆಚ್ಚಗಿನ ಕೋಣೆ, ನೀರು ಹಾಕಲು ಒಂದು ಬಚ್ಚಲು. ಅವಳಿಗೆ ಬೇಕಾದದ್ದು ಇಷ್ಟೇ. ಹದಿನೈದು ದಿನ ಮುಂಚಿನಿಂದ ಆಧಾರ್, ರೇಷನ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್ಕು ಎಲ್ಲ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ದೇವರ ಪಟದ ಹಿಂದೆ ಇಟ್ಟಿದ್ದಳು.

ಸರ್ವೆಗೆ ಬಂದವನು ಸತೀಶ್ ಕುಮಾರ್ ಅಂತ, ಬಿಸಿಲಲ್ಲಿ ಬೈಕು ಓಡಿಸಿ ಬೆಂದು ಹೋಗಿದ್ದ ಹುಡುಗ. ಸರ್ಕಾರಿ ಮನುಷ್ಯನನ್ನು ತಗಡಿನ ಕೆಳಗೆ, ಕೋಳಿ ಹಿಕ್ಕೆ ಪಕ್ಕ ಕೂರಿಸುವುದುಂಟೆ? ಲಕ್ಷ್ಮಕ್ಕ ಪದ್ಧತಿ ಪ್ರಕಾರ ಕಸ್ತೂರಮ್ಮನ ಜಗಲಿಗೆ ಕರೆದಳು, ಕಂಬಳಿ ಹಾಸಿದಳು, ಮಜ್ಜಿಗೆ ಕೊಟ್ಟಳು. ಅವನು ಮೊಬೈಲಿನಿಂದ ಕಣ್ಣು ಎತ್ತದೆ ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಳು. ಕೊನೆಗೆ ಅವನು, "ಮನೆ ಮುಂದೆ ನಿಂತ್ಕೊಳ್ರಿ ಅಮ್ಮ, ಫೋಟೊ ತೆಗೀಬೇಕು" ಅಂದ.

ಲಕ್ಷ್ಮಕ್ಕನ ಬದುಕಿನಲ್ಲಿ ಫೋಟೊ ಅಂದರೆ ಚೆನ್ನಾಗಿರುವ ಕಡೆ ನಿಂತು ತೆಗೆಸಿಕೊಳ್ಳುವುದು. ಮಗಳ ಮದುವೆಯಲ್ಲೂ ಹಂಗೇ, ಮಂಟಪದಲ್ಲಿ ಹೂವಿನ ಕಂಬದ ಪಕ್ಕ ನಿಲ್ಲಿಸಿದ್ದರು. ಅವಳು ಸೆರಗು ಸರಿ ಮಾಡಿಕೊಂಡು, 'ಕಸ್ತೂರಿ ನಿಲಯ'ದ ಬಾಗಿಲಿಗೆ ಬೆನ್ನು ಕೊಟ್ಟು, ಮೈ ನೆಟ್ಟಗೆ ಮಾಡಿ ನಿಂತಳು. "ಮುಖದ ಗುರುತಿಗೆ ಕಣ್ಣು ಮಿಟುಕಿಸ್ರಿ" ಅಂದ, ಮಿಟುಕಿಸಿದಳು. "ಆಯ್ತು" ಅಂದ. ಬೈಕು ಹತ್ತಿ ಮುಂದಿನ ಓಣಿಗೆ ಹೋದ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತ ಗಾದೆ ಕಟ್ಟಿದವರು ಇದನ್ನು ನೋಡಿಯೇ ಕಟ್ಟಿರಬೇಕು.

ಎರಡು ತಿಂಗಳ ಮೇಲೆ ಪಂಚಾಯ್ತಿ ಗೋಡೆಗೆ ಪಟ್ಟಿ ಅಂಟಿಸಿದರು. ಲಕ್ಷ್ಮಕ್ಕನ ಹೆಸರಿನ ಮುಂದೆ 'ಅನರ್ಹ, ಪಕ್ಕಾ ಮನೆ ಇದೆ' ಅಂತ ಇತ್ತು. ಅದೇ ಪಟ್ಟಿಯಲ್ಲಿ ನಾಲ್ಕು ಸಾಲು ಕೆಳಗೆ ಷಣ್ಮುಖಪ್ಪನ ಮಗ ಮಹಾಂತೇಶನ ಹೆಸರು, ಮುಂದೆ 'ಅರ್ಹ'. ಹಿತ್ತಲಿನ ದನದ ಕೊಟ್ಟಿಗೆ ಮುಂದೆ ಹೆಂಡತಿಯನ್ನು ನಿಲ್ಲಿಸಿಕೊಂಡು ಅವನು ಫೋಟೊ ತೆಗೆಸಿದ್ದ. ಅಪ್ಪ ಅಮ್ಮ ಮಗ ಸೊಸೆ ಎಲ್ಲ ಆ ಕೊಟ್ಟಿಗೆಯಲ್ಲೇ ಸಂಸಾರ ಮಾಡುತ್ತಾರೆ ಅಂತ ಅರ್ಜಿ. ಫೋಟೊ ಎಲ್ಲಿ ತೆಗೆಸಬೇಕು ಅನ್ನುವುದು ಉಳ್ಳವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಪಂಚಾಯ್ತಿ ಪಿಡಿಒ ಪ್ರೇಮಲತಾ ಕೆಟ್ಟವಳಲ್ಲ. ಕಂಪ್ಯೂಟರ್ ತಿರುಗಿಸಿ ಫೋಟೊ ತೋರಿಸಿದಳು. ಲಕ್ಷ್ಮಕ್ಕ ತನ್ನನ್ನೇ ನೋಡಿದಳು. ಸಾಹುಕಾರ್ತಿಯ ಹಾಗೆ ನಿಂತಿದ್ದಳು.

"ಇದು ನಮ್ಮನೆ ಅಲ್ಲ ಮೇಡಮ್ಮಾರೆ. ಎದುರು ಮನೇದು. ನೋಡ್ರಿ, ಮ್ಯಾಲೆ ಅವರ ಹೆಸರೇ ಐತೆ."

"ಹೆಸರು ಏನ್ ಬೇಕಾದ್ರೂ ಇಡಬಹುದಲ್ಲಮ್ಮ. ನಾನೇನೋ ನಂಬ್ತೀನಿ. ಸಾಫ್ಟ್‌ವೇರು ನಂಬಲ್ಲ. ತಾಲ್ಲೂಕಲ್ಲಿ ಕೇಳ್ರಿ."

ಜಗಳೂರಿಗೆ ಹೋದಳು. ಒಂದು ದಿನದ ಕೂಲಿ ಹೋಯಿತು. ಅಲ್ಲಿ ಮೂರನೇ ಮೇಜಿನವನು ಪಂಚಾಯ್ತಿಯಿಂದಲೇ ತಿದ್ದುಪಡಿ ಬರಬೇಕು ಅಂದ. ಪಂಚಾಯ್ತಿಗೆ ಬಂದಳು. ಪ್ರೇಮಲತಾ ತಾಲ್ಲೂಕಿನಿಂದ ಲಾಗಿನ್ ತೆರೆಯಬೇಕು ಅಂದಳು. ಮತ್ತೆ ಜಗಳೂರು. ಮೂರನೇ ಮೇಜಿನವನು ಊಟಕ್ಕೆ ಹೋಗಿದ್ದ, ಮರುದಿನ ಮೀಟಿಂಗಿಗೆ ಹೋಗಿದ್ದ, ಅದರ ಮರುದಿನ ರಜೆ. ಅಳಿಯ ಅಲ್ಲ ಮಗಳ ಗಂಡ ಅನ್ನುವ ಲೆಕ್ಕದಲ್ಲಿ ಇಬ್ಬರೂ ಹೇಳಿದ್ದು ಒಂದೇ, ಆಗುವುದಿಲ್ಲ ಅಂತ. ಲಕ್ಷ್ಮಕ್ಕನಿಗೆ ಅಳು ಬರಲಿಲ್ಲ, ಮೈಯೆಲ್ಲ ಉರಿಯಿತು. ಮೂರು ಸೋರುವ ಮೂಲೆ, ಬಿರುಕು ಬಿಟ್ಟ ಹಿಂದಿನ ಗೋಡೆ, ಇವನ್ನು ಬಂದು ನೋಡಿದರೆ ಮುಗಿಯಿತಲ್ಲ! ನೋಡಲು ಮಾತ್ರ ಯಾರೂ ಬರುವುದಿಲ್ಲ.

ಐದನೇ ಸಲಕ್ಕೆ ಒಂದು ದಾರಿ ಸಿಕ್ಕಿತು. ಫೋಟೊದಲ್ಲಿರುವ ಮನೆ ತಮ್ಮದು, ಲಕ್ಷ್ಮಕ್ಕನದಲ್ಲ ಅಂತ ಆ ಮನೆಯವರು ಬರೆದುಕೊಟ್ಟರೆ ಮರುಪರಿಶೀಲನೆಗೆ ಕಳಿಸುತ್ತೇವೆ ಅಂದರು ತಾಲ್ಲೂಕಿನವರು. ಇಷ್ಟೇನಾ ಅನ್ನಿಸಿತು ಅವಳಿಗೆ. ಹಗುರಾಗಿ ಊರಿಗೆ ಬಂದು ನೇರ ಜಗಲಿಗೆ ಹೋದಳು. ಷಣ್ಮುಖಪ್ಪ ಪೇಪರು ಓದುತ್ತಿದ್ದ.

"ಯಜಮಾನ್ರೇ, ಈ ಮನೆ ನಿಮ್ದು ಅಂತ ಒಂದ್ ಸಾಲು ಬರೆದುಕೊಡ್ರಿ."

ಷಣ್ಮುಖಪ್ಪ ಕನ್ನಡಕ ತೆಗೆದು ಒರೆಸಿದ. "ಊರಿಗೆಲ್ಲ ಗೊತ್ತಿರೋ ವಿಷಯ ಲಕ್ಷ್ಮಕ್ಕ. ಬರೆಯೋದು ಯಾಕೆ?"

"ಸರ್ಕಾರಕ್ಕೆ ಗೊತ್ತಿಲ್ಲ ನೋಡ್ರಿ."

"ಗೊತ್ತಿಲ್ಲ ಅಂದ್ರೆ ಇರ್ಲಿ ಬಿಡು. ನಾನು ಬರೆದ್ರೆ ಹುಡುಗನ ಮನೆ ಹೋಗ್ತೈತೆ. ಮುಂದಿನ ಪಟ್ಟೀಲಿ ನಿಂಗೆ ಮಾಡಿಸಣ. ನಾನೇ ಮುಂದೆ ನಿಂತು ಮಾಡಿಸ್ತೀನಿ."

ಬೈದಿದ್ದರೆ ಜಗಳವಾದರೂ ಆಡಬಹುದಿತ್ತು. ಅವನು ನಯವಾಗಿ ಮಾತಾಡಿದ. ಒಳಗೆ ಕಸ್ತೂರಮ್ಮನ ಬಳೆ ಸದ್ದು ಕೇಳಿಸಿತು, ಅವಳು ಹೊರಗೆ ಬರಲಿಲ್ಲ. ಮನೆ ಅವಳ ಹೆಸರಲ್ಲಿದೆ, ಅವಳನ್ನೇ ಕೇಳಬಹುದಿತ್ತು. ಆದರೆ ಗಂಡನ ಮಾತು ಮೀರಿ ರುಜು ಹಾಕು, ಮಗನ ಬಾಯಿಗೆ ಬಂದ ತುತ್ತು ಕಿತ್ತುಕೋ ಅಂತ ಒಬ್ಬ ತಾಯಿಯನ್ನು ಕೇಳಲು ಲಕ್ಷ್ಮಕ್ಕನಿಗೆ ನಾಲಿಗೆ ಏಳಲಿಲ್ಲ. ಅವತ್ತಿನಿಂದ ಕಸ್ತೂರಮ್ಮ ಇವಳನ್ನು ಕಂಡರೆ ತಲೆ ತಗ್ಗಿಸಿ ಒಳಗೆ ಹೋಗುತ್ತಿದ್ದಳು.

ಉತ್ತರೆ ಮಳೆಗೆ ಹಿಂದಿನ ಗೋಡೆ ಬಿತ್ತು. ಹಗಲು ಹೊತ್ತು, ಲಕ್ಷ್ಮಕ್ಕ ಹೊಲದಲ್ಲಿದ್ದಳು, ಅದೊಂದು ಪುಣ್ಯ. ಅಡಿಗೆಮನೆ ಪೂರ್ತಿ ಬಯಲಾಗಿತ್ತು, ಒಲೆ ಮೇಲೆ ಮಣ್ಣಿನ ಗುಡ್ಡೆ. ಸಂಜೆ ಉಷಾರಾಣಿಯ ಫೋನು ಬಂತು. ಏಳು ತಿಂಗಳು ತುಂಬುತ್ತಿತ್ತು.

"ಅತ್ತೆ ಕೇಳ್ತಾ ಅವ್ರೆ ಅವ್ವ. ಮನೆ ಆಗಿಲ್ಲ ಅಂದ್ರೆ ಇಲ್ಲೇ ಇರು, ನಾವೇ ನೋಡ್ಕೊಂತೀವಿ ಅಂತಾರೆ. ಅವರು ಹೇಳೋ ಥರ ಸರಿ ಇಲ್ಲವ್ವ. ತವರು ಇಲ್ಲದವಳ ಥರ ಮಾತಾಡ್ತಾರೆ."

"ತವರು ಐತೆ ಅಂತ ಹೇಳು" ಅಂದಳು ಲಕ್ಷ್ಮಕ್ಕ. ಫೋನಿಟ್ಟು ಬಯಲಾದ ಅಡಿಗೆಮನೆ ನೋಡಿದಳು. ಆಮೇಲೆ ಎದುರು ಮನೆ ನೋಡಿದಳು. ಪಟ್ಟಿಯ ಜೆರಾಕ್ಸು ಕವರಿನಲ್ಲೇ ಇತ್ತು. ಸೀಲು ಹಾಕಿ, ಸಹಿ ಮಾಡಿ, ನಿನಗೆ ಪಕ್ಕಾ ಮನೆ ಇದೆ ಅಂತ ಸರ್ಕಾರ ಹೇಳುತ್ತಿತ್ತು. ಹೇಳಿದರೆ ಹೇಳಲಿ, ತಾನೇಕೆ ಇಲ್ಲ ಅನ್ನಬೇಕು?

ಮರುದಿನ ಬೆಳಿಗ್ಗೆ ಮೂರು ಕಲ್ಲು, ಒಂದು ಮಡಕೆ, ಚಾಪೆ, ಒಂದು ಹೊರೆ ಕಟ್ಟಿಗೆ ತಂದು ಕಸ್ತೂರಮ್ಮನ ಜಗಲಿಯ ಒಂದು ತುದಿಯಲ್ಲಿ ಒಲೆ ಹೂಡಿದಳು. ಷಣ್ಮುಖಪ್ಪ ಹಲ್ಲುಜ್ಜುವ ಬ್ರಷ್ಷು ಬಾಯಲ್ಲಿಟ್ಟುಕೊಂಡೇ ಹೊರಗೆ ಬಂದ.

"ಏನಿದು ಲಕ್ಷ್ಮಕ್ಕ?"

"ನಮ್ಮನೆ ಯಜಮಾನ್ರೇ. ಕಾಗದ ಐತೆ, ಓದ್ರಿ. ಅಲ್ಲ ನಮ್ಮನೆ ಅಂತ ನೀವು ಬರೆದುಕೊಡ್ರಿ, ಈಗ್ಲೇ ಎದ್ದು ಹೋಗ್ತೀನಿ."

ಓಣಿಯವರು ನೀರಿನ ಕೊಡ ಹಿಡಿದು ಅಲ್ಲಲ್ಲೇ ನಿಂತರು. ಷಣ್ಮುಖಪ್ಪ ಬರೆಯುವಂತೆಯೂ ಇಲ್ಲ, ಎಳೆದು ಹಾಕುವಂತೆಯೂ ಇಲ್ಲ. ಎಳೆದು ಹಾಕಿದರೆ ಮನೆ ತನ್ನದು ಅಂತ ಊರ ಮುಂದೆ ಒಪ್ಪಿದಂತೆ. ಒಂದು ವಾರ ಅವಳ ರೊಟ್ಟಿಯ ಹೊಗೆ ಅವನ ಕಿಟಕಿಯೊಳಗೆ ಹೋಯಿತು. ಬಾಗಿಲು ಮುಚ್ಚಿಕೊಂಡೇ ಇತ್ತು. ಮನೆಯವರು ಹಿತ್ತಲ ಬಾಗಿಲಲ್ಲಿ ಓಡಾಡಿದರು. ಲಕ್ಷ್ಮಕ್ಕನಿಗೆ ಅದರಲ್ಲಿ ಸುಖವೇನೂ ಇರಲಿಲ್ಲ. ಪರರ ಕಲ್ಲಿನ ಮೇಲೆ ಮಲಗಿದರೆ ನಿದ್ದೆ ಎಲ್ಲಿ ಬಂದೀತು? ನಾಚಿಕೆಗೆ ಅವಳು ಬೆಳಕು ಹರಿಯುವ ಮುಂಚೆಯೇ ಎದ್ದು ಜಗಲಿ ತೊಳೆದು ರಂಗೋಲಿ ಹಾಕಿಬಿಡುತ್ತಿದ್ದಳು.

ಎಂಟನೇ ದಿನ ಬೈಕು ಬಂತು. ಅದೇ ಸತೀಶ್ ಕುಮಾರ್. ಪ್ರೇಮಲತಾ ಹೇಗೋ ಮಾಡಿ ಮರುಪರಿಶೀಲನೆಗೆ ಕಳಿಸಿದ್ದಳು. ಮಹಾಂತೇಶನ ಕೊಟ್ಟಿಗೆಯನ್ನೂ ಅವತ್ತೇ ನೋಡಬೇಕಿತ್ತು. ಈ ಸಲ ಲಕ್ಷ್ಮಕ್ಕ ಕಂಬಳಿ ಹಾಸಲಿಲ್ಲ. ಕೈ ಹಿಡಿಯುವುದೊಂದು ಬಾಕಿ, ಹಂಗೆ ಅವನನ್ನು ಬಿದ್ದ ಗೋಡೆಯ ಹತ್ತಿರ ಕರೆದುಕೊಂಡು ಹೋಗಿ ತೋರಿಸಿದಳು. ಅವನು ನೋಡಿದ. ಮುಖ ಸಣ್ಣದು ಮಾಡಿಕೊಂಡ.

"ನಂಗೆ ಅರ್ಥ ಆಗ್ತೈತೆ ಅಮ್ಮ. ಆದ್ರೆ ಆ ದೊಡ್ಡ ಮನೆ ನಿಮ್ಮ ಹೆಸರಿಗೆ ಕೂತೈತಲ್ಲ. ಅದು ಬೇರೆಯವರದು ಅಂತ ಅವರು ಹೇಳಬೇಕು." ಓಣಿಯ ಕಡೆ ತಿರುಗಿ, ಜಗಲಿ ತೋರಿಸಿ ಕೇಳಿದ, "ಏನ್ರೀ ಯಜಮಾನ್ರೇ, ಈ ಮನೆ ಯಾರದು?"

ಷಣ್ಮುಖಪ್ಪ ಓಣಿಯಲ್ಲಿ ನಿಂತಿದ್ದ, ಪಕ್ಕದಲ್ಲಿ ಮಹಾಂತೇಶ. ಷಣ್ಮುಖಪ್ಪ ತನ್ನ ಬಾಗಿಲು ನೋಡಿದ, ಒಲೆ ನೋಡಿದ.

"ಲಕ್ಷ್ಮಕ್ಕಂದೇ ಸಾರ್" ಅಂದ. "ನೋಡ್ರಿ, ಒಲೆ ಹೂಡ್ಯಾಳೆ, ಹಾಸಿಗೆ ಐತೆ, ರಂಗೋಲಿ ಹಾಕ್ಯಾಳೆ. ಬೇರೆಯವರ ಮನೇಲಿ ಯಾರಾದ್ರೂ ಹಿಂಗ್ ಇರ್ತಾರಾ?"

ಲಕ್ಷ್ಮಕ್ಕ ಹೂಡಿದ ಒಲೆಯೇ ಅವಳ ಮೇಲೆ ಸಾಕ್ಷಿ ಹೇಳುತ್ತಿತ್ತು. ಸತೀಶ್ ಕುಮಾರ್ ಒಲೆಯ ಫೋಟೊ ತೆಗೆದ. ಷಣ್ಮುಖಪ್ಪನನ್ನು "ನೀನೂ ಮನುಷ್ಯನೇನಪ್ಪ" ಅಂತ ಕೇಳಬೇಕು ಅನ್ನಿಸಿತು ಅವಳಿಗೆ.

ಅಷ್ಟರಲ್ಲಿ ಮುಂಬಾಗಿಲು ತೆರೆಯಿತು. ಎರಡೂ ಕದ ಪೂರ್ತಿ ತೆಗೆದು ಕಸ್ತೂರಮ್ಮ ಹೊಸ್ತಿಲ ಮೇಲೆ ನಿಂತಿದ್ದಳು. ಗಂಡನ ಕಡೆ ನೋಡಲಿಲ್ಲ.

"ಯಜಮಾನರು ಕೊಟ್ಟುಬಿಟ್ರಲ್ಲ, ನಾನೂ ಕೇಳಿಸ್ಕೊಂಡೆ" ಅಂದಳು. "ಹಂಗಾದ್ರೆ ಜಗಲಿ ಮ್ಯಾಲೆ ಯಾಕೆ ಬೇಯಿಸ್ತೀಯ ಲಕ್ಷ್ಮಕ್ಕ? ಬಾ ಒಳಗೆ. ನಿನ್ನ ಮನೆ."

ಮೂವತ್ತು ವರ್ಷದಲ್ಲಿ ಮೊದಲ ಸಲ ಆ ಬಾಗಿಲಿನಿಂದ 'ಬಾ' ಅನ್ನುವ ಮಾತು ಬಂದಿತ್ತು. ಲಕ್ಷ್ಮಕ್ಕ ಕಾಲು ಎತ್ತಲಿಲ್ಲ.

"ನಿಮ್ಮನೆ ನಂಗೆ ಬೇಡ ಅಕ್ಕಾರೆ. ನಿಮ್ಮ ಬಂಗಾರ ಕರಗಿದ ಮನೇಲಿ ನಾ ಹೆಂಗೆ ಇರ್ಲಿ? ನಂಗೆ ನಮ್ಮನೆ ಬೇಕು. ನನ್ನ ಮಗಳು ಬರಾಕೆ."

ಕಸ್ತೂರಮ್ಮ ಹೊಸ್ತಿಲು ಇಳಿದು ಹೊರಗೆ ಬಂದಳು. ಆಮೇಲೆ ಸತೀಶ್ ಕುಮಾರನ ಮುಂದೆ ಕೈ ಚಾಚಿದಳು. "ಪೆನ್ನು ಕೊಡಪ್ಪ. ಏನ್ ಬರೀಬೇಕು ಹೇಳು. ಮನೆ ನನ್ನ ಹೆಸರಲ್ಲೈತೆ."

"ಅವ್ವ, ನೀನು ಬರೆದ್ರೆ ನಂದು ಹೋಗ್ತೈತೆ" ಅಂದ ಮಹಾಂತೇಶ.

"ನಿಂಗೆ ಮನೆ ಐತಲ್ಲೋ. ಈಗ ನಿಮ್ಮಪ್ಪ ದಾನ ಮಾಡಿದ್ರಲ್ಲ, ಅದೇ."

ಜಗಲಿಯ ಮೇಲೆ ಕೂತು ಅವಳು ನಾಲ್ಕು ಸಾಲು ಬರೆದು ರುಜು ಹಾಕಿದಳು. ಷಣ್ಮುಖಪ್ಪ ಹಿತ್ತಲ ಕಡೆ ಹೋಗಿದ್ದ. ಸತೀಶ್ ಕುಮಾರ್ ಕಾಗದ ಮಡಚಿ ಇಟ್ಟುಕೊಂಡ. ಲಕ್ಷ್ಮಕ್ಕ ಅವನ ಮುಖವನ್ನೇ ನೋಡುತ್ತಿದ್ದಳು.

"ದಸರಾ ಹೊತ್ತಿಗೆ ಮಂಜೂರಾದ್ರೂ ಆಗ್ತೈತಾ ಸಾಮಿ?"

"ಈ ಪಟ್ಟಿ ಹೋದ ವಾರಾನೇ ಮುಚ್ಚೈತೆ ಅಮ್ಮ. ನಿಮ್ಮದು ಮುಂದಿನದಕ್ಕೆ ಹೋಗ್ತೈತೆ. ಅದು ಯಾವಾಗ ತೆಗೀತಾರೋ ನಂಗೂ ಗೊತ್ತಿಲ್ಲ."

ಅವನು ಬೈಕು ಹತ್ತಿ ಹೋದ. ಓಣಿಯವರು ಕೊಡ ಎತ್ತಿಕೊಂಡು ಚದುರಿದರು. ಲಕ್ಷ್ಮಕ್ಕ ಒಲೆಯ ಮುಂದೆ ಕೂತು ಆರಿದ ಕಟ್ಟಿಗೆ ಊದಿದಳು, ಹೊಗೆಗೆ ಕಣ್ಣು ತುಂಬಿತು, ಒರೆಸಿಕೊಳ್ಳಲಿಲ್ಲ.

"ಅಲ್ಲೀತನಕ ಈ ಒಲೆ ಕಲ್ಲು ಇಲ್ಲೇ ಇರ್ತಾವೆ ಅಕ್ಕಾರೆ" ಅಂದಳು.

"ಇರ್ಲಿ" ಅಂದಳು ಕಸ್ತೂರಮ್ಮ. ಒಳಗೆ ಹೋಗುವಾಗ ಬಾಗಿಲು ಹಾಕಿಕೊಳ್ಳಲಿಲ್ಲ.