ನಲವತ್ತಡಿ ರಸ್ತೆಯ ಬಚ್ಚಲು

"ಏಯ್ ಕಿಳವಿ! ವೆಳಿಯೆ ವಾ!"

ಪರ್ಮಿಟ್ ಆಫೀಸಿನ ಸಾಹೇಬ ಹೀಗೆ ಒದರಿದ್ದು ನಮ್ಮ ಬಚ್ಚಲ ಬಾಗಿಲಿಗೆ. ಒಳಗೆ ನನ್ನ ಅತ್ತೆ ಗುರಸಿದ್ದವ್ವ ಮೈಮೇಲೆ ನೀರು ಹಾಕಿಕೊಳ್ಳುತ್ತಿದ್ದಳು. ಹೊರಗೆ ಜೆಸಿಬಿ ತನ್ನ ಹಲ್ಲನ್ನು ತಗಡಿನ ಮಾಡಿಗೆ ತಾಗಿಸಿಕೊಂಡು ಗುರುಗುಡುತ್ತಿತ್ತು. ಮುದುಕೀ ಹೊರಗೆ ಬಾ ಅಂತ ತಮಿಳಿನಲ್ಲಿ ಅಂದರೇನು, ಕನ್ನಡದಲ್ಲಿ ಅಂದರೇನು. ಈ ಊರಲ್ಲಿ ಇಷ್ಟು ವರ್ಷ ಗಾರೆ ಹೊತ್ತವರಿಗೆ ಎಲ್ಲಕ್ಕಿಂತ ಮೊದಲು ತಿಳಿಯುವುದು ಬೈಗುಳವೇ. ಸಾಹೇಬನ ಜೊತೆ ನಮ್ಮ ಮಾತೆಲ್ಲ ತಮಿಳೇ. ಇಲ್ಲಿ ನಮ್ಮ ಬಾಯಲ್ಲಿ ಹೇಳುತ್ತೇನೆ.

"ಮೈ ತೊಳಕೊಳ್ಳಾಕತ್ತಾಳ್ರೀ ಸಾಹೇಬ್ರ. ಒಂದೀಟು ತಡೀರಿ."

"ರೋಡಿನ ನಡುವೆ ಕೂತು ಜಳಕ ಮಾಡ್ತಾಳ, ನಾ ಕಾಯಬೇಕಾ? ಇದು ಸರ್ಕಾರದ ರೋಡು. ನೀವೇ ಬರದು ಕೊಟ್ಟೀರಿ. ಎತ್ತೋ, ಎತ್ತು!"

ಡ್ರೈವರು ಎತ್ತಿಯೇಬಿಟ್ಟ. ತಗಡು ಹಾರಿಹೋಯಿತು. ಅತ್ತೆ ಒದ್ದೆ ಸೀರೆ ಸುತ್ತಿಕೊಂಡು, ಕೊರಳಲ್ಲಿದ್ದ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಹೊರಗೆ ಬಂದಳು. ಜೆಸಿಬಿ ಸುತ್ತ ನಿಂತಿದ್ದ ಗಂಡಸರು ನಕ್ಕರು.

"ನಗ್ರಿಲೇ ಭಾಡ್ಯಾಗೋಳ್ರ್ಯಾ, ನಗ್ರಿ. ನಿಮ್ಮವ್ವಗೂ ಹಿಂಗೇ ಹೊರಗ ಕರದು ನಗ್ರಿ," ಅಂದಳು ಅತ್ತೆ. ಅವಳ ಕನ್ನಡ ಅವರಿಗೆ ತಿಳಿಯಲಿಲ್ಲ. ಇನ್ನೂ ಜೋರಾಗಿ ನಕ್ಕರು.

ಚೆನ್ನೈಯ ಪೋರೂರು ಕೆರೆಯ ಈಚೆಗೆ ನಮ್ಮದೊಂದು ಸಾಲು ಮನೆ. ಬೇರೆಯವರ ಬಂಗಲೆಗೆ ವಾರವಿಡೀ ಇಟ್ಟಿಗೆ ಹೊತ್ತು, ಭಾನುವಾರ ನಮ್ಮ ಗೋಡೆಗೆ ಇಟ್ಟಿಗೆ ಇಟ್ಟವರು ನಾವು. ಚರಂಡಿ ಮುಂದುಗಡೆ ಇದ್ದದ್ದರಿಂದ ಎಲ್ಲರ ಬಚ್ಚಲೂ ಮನೆಯ ಮುಂದೇ. ಹಿಂದುಗಡೆ ಫ್ಲ್ಯಾಟುಗಳ ಒಂದು ದೊಡ್ಡ ಟವರ್ ಎದ್ದಿತ್ತು, ಅದಕ್ಕೂ ದಾರಿ ನಮ್ಮ ಮನೆಗಳ ಮುಂದಿನ ರಸ್ತೆಯೇ. ನನ್ನ ಗಂಡ ಮುರುಗೆಪ್ಪ ಅಲ್ಲೇ ಸೆಂಟ್ರಿಂಗ್ ಕೆಲಸಕ್ಕೆ ಹೋಗುತ್ತಿದ್ದ. ಅಷ್ಟು ಎತ್ತರ ಕಟ್ಟಬೇಕಾದರೆ ಮುಂದೆ ನಲವತ್ತಡಿ ರಸ್ತೆ ಇರಬೇಕಂತೆ, ಇಲ್ಲವಾದರೆ ಪರ್ಮಿಟ್ ಇಲ್ಲವಂತೆ. ಈ ಕಾಯ್ದೆ ನಮಗೆ ಯಾವನು ಹೇಳುತ್ತಾನೆ? ನಮಗೆ ಗೊತ್ತಿದ್ದದ್ದು ಇಷ್ಟೇ: ಒಂದು ದಿನ ವಿಶ್ವಾರಾಧ್ಯ ನಮ್ಮ ಮನೆಗೆ ಬಂದ.

ವಿಶ್ವಾರಾಧ್ಯ ನಮ್ಮ ಕಲಬುರಗಿ ಕಡೆಯ ಅಯ್ಯ, ಜಂಗಮ. ಇಲ್ಲಿ ಮನೆಗಳ ಪ್ಲಾನ್ ಬರೆದು ಪರ್ಮಿಟ್ ಮಾಡಿಸಿಕೊಡುವ ಇಂಜಿನಿಯರ್. ಟವರಿನ ಪರ್ಮಿಟ್ಟೂ ಅವನ ಕೈಯಲ್ಲೇ ಅಂತ ನಮಗೆ ತಿಳಿದದ್ದು ಆಮೇಲೆ. ಚೆನ್ನೈಯಂಥ ಊರಲ್ಲಿ ಜಂಗಮನೊಬ್ಬ ತಾನಾಗಿ ನಮ್ಮ ಹೊಸ್ತಿಲು ತುಳಿದನಲ್ಲ ಅಂತ ಅತ್ತೆಗೆ ಕಣ್ಣೀರೇ ಬಂತು. ಪಾದ ತೊಳೆದಳು. ರೊಟ್ಟಿ, ಶೇಂಗಾ ಹಿಂಡಿ ಬಡಿಸಿದಳು. ಉಂಡು ಕೈ ತೊಳೆದು ಅವನು ಬೇಡಿದ.

"ಮುಂದಿನ ಜಾಗ ರೋಡಿಗೆ ಬಿಟ್ಟುಕೊಡ್ರಿ. ರೋಡ್ ಅಗಲ ಆತಂದ್ರ ನಿಮ್ಮ ಮನಿಗೂ ಪರ್ಮಿಟ್ ಸಿಗ್ತದ. ಮ್ಯಾಲ ಒಂದು ಮಾಳಿಗಿ ಏರಸ್ರಿ, ಯಾರು ಬ್ಯಾಡಂತಾರ?"

ಮುರುಗೆಪ್ಪ ತಲೆ ಕೆರೆದುಕೊಂಡ. "ಬಚ್ಚಲು ಹೋಗ್ತದಲ್ರೀ ಅಯ್ಯನವರ?"

"ಹಿತ್ತಲಾಗ ಕಟ್ಟಿಸಿಕೊಡೂ ಜವಾಬ್ದಾರಿ ನಂದು."

"ಅಯ್ಯನವರು ಮನಿತನಕ ಬಂದು ಬೇಡ್ಯಾರ, ಇಲ್ಲ ಅಂತೀಯೇನೋ? ಕೊಡು," ಅಂದಳು ಅತ್ತೆ. ಜಂಗಮ ಜೋಳಿಗೆ ಒಡ್ಡಿದರೆ ಬರಿಗೈಲಿ ಕಳಿಸುವ ರೂಢಿ ನಮ್ಮಲ್ಲಿಲ್ಲ. ಮುರುಗೆಪ್ಪ ಸಹಿ ಹಾಕಿದ. ನಮ್ಮನ್ನು ನೋಡಿ ಪಕ್ಕದ ಮನೆಯ ಜಲಜಾ ಸಹಿ ಹಾಕಿದಳು. ಅವಳನ್ನು ನೋಡಿ ಸಾಲಿಗೆ ಸಾಲೇ ಹಾಕಿತು. ಟವರಿಗೆ ನಲವತ್ತಡಿ ಸಿಕ್ಕಿತು.

ಮಾಳಿಗೆಗೆ ನಾವು ಹಾಕಿದ ಅರ್ಜಿ ಮಾತ್ರ ವಾಪಸ್ ಬಂತು. ರೋಡಿಗೆ ಬಿಟ್ಟ ಮೇಲೆ ಉಳಿದ ಜಾಗ ಮನೆ ಕಟ್ಟುವುದಕ್ಕೆ ಸಾಲದಂತೆ! ಮುಂದೆ ಇಷ್ಟು ಖಾಲಿ ಬಿಡಬೇಕು, ಹಿಂದೆ ಇಷ್ಟು ಬಿಡಬೇಕು, ಅದಕ್ಕೆ ಸೆಟ್‌ಬ್ಯಾಕ್ ಅನ್ನುತ್ತಾರೆ. ಹಿತ್ತಲಲ್ಲಿ ಒಂದು ಇಟ್ಟಿಗೆ ಇಟ್ಟರೂ ಒಡೆಯುತ್ತೇವೆ ಅಂದ ಸಾಹೇಬ. "ಹಂಗಾದ್ರ ಎಲ್ಲಿ ಕಟ್ಟೂಣ್ರೀ?" ಅಂತ ಮುರುಗೆಪ್ಪ ಕೇಳಿದ್ದಕ್ಕೆ, "ನಡುವ ಒಂದು ಗೋಡಿ ಕಟ್ಟಿಕೊಂಡು ಅದಕ್ಕೆ ಆತುಕೊಂಡು ನಿಂದರು," ಅಂದಿದ್ದ.

ಬಚ್ಚಲು ಒಡೆದ ದಿನ ಅತ್ತೆ ನೀರು ಕುಡಿಯಲಿಲ್ಲ. ಅವಳದೊಂದು ನೇಮ. ಜಳಕವಾಗಬೇಕು, ಲಿಂಗಪೂಜೆಯಾಗಬೇಕು, ಲಿಂಗಕ್ಕೆ ನೀರು ಕೊಟ್ಟು ಆಮೇಲೆ ತನ್ನ ಬಾಯಿಗೆ. ಗಂಡ ಸತ್ತ ದಿನವೂ ತಪ್ಪಿಸಿದವಳಲ್ಲ. ಅವತ್ತು ಜಳಕ ಅರ್ಧಕ್ಕೇ ನಿಂತಿತ್ತು.

"ಒಳಗ ಪರಾತದಾಗ ಕುಂದರ್ರಿ ಅತ್ತಿ, ನಾ ನೀರು ಹಾಕ್ತೀನಿ. ಆಮ್ಯಾಲ ನೆಲ ಒರಸ್ತೀನಿ."

"ಒಲಿ ಮುಂದ ನನ್ನ ಮೈ ಹೊಲಸು ಹರಿಸಲೇನ? ಅಲ್ಲೇ ಕುಂತು ಲಿಂಗ ಹಿಡಿಲೇನ? ಏನು ಮಾತಂತ ಆಡ್ತೀ ಜಗದೇವಿ!"

ಪೇಟೆಯ ಸಾರ್ವಜನಿಕ ಕಕ್ಕಸಿನ ಬಚ್ಚಲಿಗೆ ಕರೆದೊಯ್ಯೋಣವೆಂದರೆ ಲಿಂಗ ಕಟ್ಟಿಕೊಂಡು ಅಲ್ಲಿಗೆ ಬರುವುದಿಲ್ಲ ಅಂದಳು. ನನ್ನ ಮಗಳು ಶಿವರಂಜನಿ ಮೂಲೆಯಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದಳು. ಮೈನೆರೆದ ಹುಡುಗಿ, ಮೇಲಾಗಿ ಅವಳ ಮುಟ್ಟಿನ ದಿನಗಳು. "ನಾ ಸ್ಕೂಲುಕ್ಕು ಪೋಗಮಾಟ್ಟೇನ್ ಅಮ್ಮಾ," ಅಂದಳು. ಶಾಲೆಗೆ ಹೋಗೆಂದು ಯಾವ ಬಾಯಲ್ಲಿ ಹೇಳಲಿ?

ಸಂಜೆ ನಾನೂ ಮುರುಗೆಪ್ಪನೂ ವಿಶ್ವಾರಾಧ್ಯನ ಫ್ಲ್ಯಾಟಿಗೆ ಹೋದೆವು. ಬಾಗಿಲು ಪೂರ್ತಿ ತೆರೆಯಲಿಲ್ಲ. ಸಂದಿಯಲ್ಲಿ ನಿಂತೇ ಮಾತಾಡಿದ. ಆಗಷ್ಟೇ ಮಿಂದು ಬಂದಿದ್ದ, ಹಣೆ ತುಂಬ ವಿಭೂತಿ, ಮೈಯೆಲ್ಲ ಸೋಪಿನ ವಾಸನೆ.

"ಮುರುಗೆಪ್ಪ, ರೂಲ್ಸ್ ನಾನು ಮಾಡೀನೇನು? ಸೆಟ್‌ಬ್ಯಾಕ್ ಅಂದ್ರ ಓಪನ್ ಟು ಸ್ಕೈ ಇರಬೇಕು. ಅಲ್ಲಿ ಬಚ್ಚಲು ಬರಂಗಿಲ್ಲ."

"ಹಿತ್ತಲಾಗ ಕಟ್ಟಿಸಿಕೊಡ್ತೀನಂದ್ರಿ," ಅಂದೆ.

"ಅಂದಿದ್ದೆ. ಆಗಲಿಲ್ಲ. ನಾಳೆ ಟವರ್ ಇನ್‌ಸ್ಪೆಕ್ಷನ್ ಅದ, ಅದು ಮುಗೀಲಿ, ನೋಡೂಣು."

"ನಮ್ಮವ್ವ ನೀರೂ ಮುಟ್ಟಿಲ್ರೀ ಬುದ್ಧಿ. ಮುದಕಿ ಸಾಯ್ತಾಳ್ರೀ," ಎಂದು ಮುರುಗೆಪ್ಪ ಅವನ ಕಾಲಿಗೆ ಬಗ್ಗಿದ. ಛೀ, ಆ ಹೊತ್ತು ನನ್ನ ಗಂಡನ ಬೆನ್ನು ನೋಡಲಾಗಲಿಲ್ಲ ನನಗೆ.

"ಇಷ್ಟಕ್ಕ ಯಾಕ ಸಾಯ್ತಾಳ? ಮಾನಸ ಸ್ನಾನ ಅಂತ ಅದ. ಕಣ್ಣು ಮುಚ್ಚಿ ಮನಸ್ಸಿನ್ಯಾಗೇ ಜಳಕ ಮಾಡಿದೆ ಅಂದುಕೊಂಡ್ರ ಆತು. ಭಕ್ತಿ ಮುಖ್ಯ."

"ನಾಳಿಂದ ನೀವೂ ಮನಸ್ಸಿನ್ಯಾಗೇ ಹೇಲ್ರಿ," ಅಂದೆ. "ನಿಮ್ಮ ಕಕ್ಕಸನ್ನೂ ರೋಡಿಗೆ ಬಿಟ್ಟುಕೊಡ್ರಿ."

ಬಾಗಿಲು ಮುಖಕ್ಕೇ ಬಿತ್ತು. ಮುರುಗೆಪ್ಪ ಮೆಟ್ಟಿಲ ಮೇಲೆ ನನ್ನ ತೋಳು ಹಿಡಿದು ಅಲುಗಿಸಿದ. "ಅಯ್ಯಗ ಹಂಗಂತಾರೇನ? ನಿನ್ನ ನಾಲಗಿ ಸೇದಿಹೋಗ!" ಅಂದ.

"ನಂದು ಸೇದಿಹೋಗಲಿ. ನಿನ್ನವ್ವನ ನಾಲಗಿ ನೀರಿಲ್ಲದ ಒಣಗ್ಯಾದ, ಅದನ್ನ ನೋಡು ಮೊದಲ," ಅಂದೆ. ಮುರುಗೆಪ್ಪನ ಕೈ ಸಡಿಲಾಯಿತು.

ಮನೆಗೆ ಬಂದು ಅಯ್ಯ ಹೇಳಿದ್ದನ್ನು ಅತ್ತೆಗೆ ಇದ್ದ ಹಾಗೇ ಹೇಳಿದೆ. ಮುಚ್ಚಿಟ್ಟು ಏನಾಗಬೇಕಿತ್ತು? ಅವಳು ಗೋಡೆಗೆ ಒರಗಿ ಕೇಳಿಸಿಕೊಂಡಳು. ತನ್ನ ಎರಡೂ ಅಂಗೈ ತಿರುವಿ ನೋಡಿಕೊಂಡಳು.

"ಅವನ ಪಾದ ತೊಳದ ಕೈ ಇವು," ಅಂದಳು ಕಡೆಗೆ. "ತಪ್ಪು ನಂದೇ. ಓಣಿ ಹೆಣ್ಮಕ್ಕಳದೆಲ್ಲ ಮರ್ಯಾದಿ ಕಳದೆ." ಆಮೇಲೆ ಆ ಕಡೆ ಹೊರಳಿ ಮಲಗಿಕೊಂಡಳು.

ಮರುದಿನ ಟವರಿಗೆ ಮಾವಿನ ತೋರಣ. ನಮ್ಮ ಬಚ್ಚಲಿದ್ದ ಕಡೆ ರಾತ್ರೋರಾತ್ರಿ ಡಾಂಬರು ಬಿದ್ದಿತ್ತು. ಅಳತೆ ಸರಿಯಿದೆ ಅಂತ ಸಾಹೇಬ ಒಪ್ಪಿದರೆ ಫ್ಲ್ಯಾಟು ಕೊಂಡವರು ಅವತ್ತೇ ಹಾಲುಕ್ಕಿಸುವವರಿದ್ದರು. ಅವರ ಕಾರುಗಳು ಮೇನ್‌ರೋಡಿನ ತಿರುವಿನಲ್ಲಿ ಸಾಲಾಗಿ ಕಾಣಿಸಿಕೊಂಡವು.

"ಜಗದೇವಿ," ಅತ್ತೆ ಕರೆದಳು. ದನಿ ಒಣಗಿ ಕರಕರ ಅನ್ನುತ್ತಿತ್ತು. "ಹಂಡೆದಾಗ ನೀರು ಕಾಸು."

"ಎಲ್ಲಿ ಮೀತೀರಿ ಅತ್ತಿ?"

"ದಿನಾ ಎಲ್ಲಿ ಮೀತಿದ್ನಿ, ಅಲ್ಲೇ."

ಮಣೆಯನ್ನು ತಾನೇ ಹಿಡಿದುಕೊಂಡು ಹೊರಟಳು. ಹೊಸ ಡಾಂಬರಿನ ಮೇಲೆ ಮಣೆ ಹಾಕಿ, ಉಟ್ಟ ಸೀರೆಯಲ್ಲೇ ಕೂತು, ಹಾಕು ಅಂದಳು. ಹಾಕಿದೆ. ಮೊದಲ ತಂಬಿಗೆ ನೆತ್ತಿಯಿಂದ ಇಳಿಯುವಾಗ ಅವಳು ಉಸ್ಸೆಂದಳು. ನನಗೆ ಅಳು ಬಂತು, ಸಿಟ್ಟೂ ಬಂತು, ಹಾಕುತ್ತಲೇ ಹೋದೆ.

ಸಾಹೇಬನ ಜೀಪು ಬಂದು ನಿಂತಿತು. ಹಾರನ್ ಹೊಡೆದ, ಹೊಡೆದ. ಹಿಂದಿನ ಕಾರುಗಳೂ ಹೊಡೆದವು. ಜೀಪಿನಿಂದ ವಿಶ್ವಾರಾಧ್ಯ ಇಳಿದು ಓಡಿಬಂದ.

"ಏನಿದು ಅಸಹ್ಯ! ಏಳಬೇ, ಎಲ್ಲಾರೂ ನೋಡಾಕತ್ತಾರ. ಇದು ಪಬ್ಲಿಕ್ ರೋಡು!"

"ಓಪನ್ ಟು ಸ್ಕೈ ಅದ ನೋಡ್ರಿ," ಅಂದೆ ನಾನು.

ಅತ್ತೆ ಕಣ್ಣೊರೆಸಿಕೊಂಡು ಅವನನ್ನು ನೋಡಿದಳು. "ಪಬ್ಲಿಕ್ ಅಂದ್ರ ಯಾರಪಾ? ನಾ ಅಲ್ಲೇನು? ಕೊಟ್ಟಾಕಿ ನಾ. ಸರಿ ಆ ಕಡಿ, ನಿನ್ನ ನೆರಳು ಬೀಳ್ತದ."

ಕೊರಳಲ್ಲಿ ಲಿಂಗ ಕಟ್ಟಿದ್ದ ವಸ್ತ್ರದ ಗಂಟು ಬಿಚ್ಚಿದಳು. ಲಿಂಗವನ್ನು ಎಡಗೈಯಲ್ಲಿಟ್ಟುಕೊಂಡು ವಿಭೂತಿ ಹಚ್ಚಿ ದೃಷ್ಟಿ ನೆಟ್ಟಳು. ಕಾರಿನವರು ಮೊಬೈಲು ಎತ್ತಿ ಹಿಡಿದಿದ್ದರು. ವಿಶ್ವಾರಾಧ್ಯ ಅವಳ ತೋಳಿಗೆ ಕೈ ಚಾಚಿದವನು ಹಿಂದೆಗೆದ. ಪೂಜೆಗೆ ಕೂತವಳನ್ನು ಎಳೆದು ಎಬ್ಬಿಸಿದ ಜಂಗಮನೆಂದು ಊರೆಲ್ಲ ನೋಡುತ್ತದಲ್ಲ, ಆ ಅಂಜಿಕೆ. ಸಾಹೇಬ ಪೊಲೀಸರಿಗೆ ಫೋನು ಹಚ್ಚಿದ. ನನ್ನ ಗಂಡನನ್ನು ಮುರುಗೇಸ ಅಂತಲೇ ಕರೆಯುವ ಟವರಿನ ಮೇಸ್ತ್ರಿ ಗೇಟಿನಿಂದ ಒದರಿದ: "ಮುರುಗೇಸಾ, ನಿನ್ನವ್ವನ್ನ ಎತ್ತೊಯ್ಯಿ! ಇಲ್ಲಾಂದ್ರ ನಾಳಿಂದ ಕೆಲಸಕ್ಕ ಬರಬ್ಯಾಡ!"

ಮುರುಗೆಪ್ಪ ಮನೆಯಿಂದ ಹೊರಗೆ ಬಂದ. ಅವಳನ್ನು ಎತ್ತಿಕೊಂಡು ಹೋಗಿಬಿಡುತ್ತಾನೆಂದೇ ನಾನು ಹೆದರಿದೆ. ಜೀಪಿಗೂ ತಾಯಿಗೂ ನಡುವೆ ಬಂದು, ಜೀಪಿನ ಕಡೆ ಮುಖ ಮಾಡಿ, ಅಲ್ಲೇ ಡಾಂಬರಿನ ಮೇಲೆ ಕೂತುಬಿಟ್ಟ.

ಪೂಜೆ ನಿಧಾನವಾಗಿ ಸಾಗಿತು. ಅತ್ತೆ ಲಿಂಗಕ್ಕೆ ನೀರು ಕೊಟ್ಟು ಅಂಗೈಯ ನೀರನ್ನು ಬಾಯಿಗೆ ಹಾಕಿಕೊಂಡಳು. ಅದು ಗಂಟಲಲ್ಲಿ ಇಳಿಯುವುದನ್ನು ಕಣ್ಣಾರೆ ಕಂಡೆ. ಅಷ್ಟರಲ್ಲಿ ಜಲಜಾ ಸೋಪಿನ ಡಬ್ಬಿ, ಕೊಡ ಹಿಡಿದುಕೊಂಡು ಬಂದು, ಮುಂದಿನ ಪಾಳಿ ತನ್ನದು ಅಂದಳು. ಅವಳ ಹಿಂದೆ ಸಾಲಿನ ಇನ್ನೂ ಕೆಲವರು ಕೊಡ ಹೊತ್ತು ಬರುತ್ತಿದ್ದರು.

ಅತ್ತೆ ಮಣೆಯನ್ನು ಜಲಜಾಗೆ ಬಿಟ್ಟುಕೊಟ್ಟು ಮುರುಗೆಪ್ಪನ ಪಕ್ಕ ಸರಿದು ಕೂತಳು. ಪೊಲೀಸ್ ಗಾಡಿ ತಿರುವಿನಲ್ಲಿ ಕಾರುಗಳ ಹಿಂದೆ ಸಿಕ್ಕಿಕೊಂಡು ಕೂಗುತ್ತಿತ್ತು.

"ಹಸಿವ್ಯಾಗ್ಯಾದ ಜಗದೇವಿ," ಅಂದಳು. "ರೊಟ್ಟಿ ಮಾಡಿ ತಾ. ಇಲ್ಲೇ ಉಣ್ತೀನಿ."

ನಾನು ಒಳಗೆ ಹೋಗಿ ಒಲೆ ಹಚ್ಚಿದೆ. ಜೋಳದ ಹಿಟ್ಟನ್ನು ಇನ್ನೂ ಜರಡಿ ಹಿಡಿಯಬೇಕಿತ್ತು.