ಕತ್ತರಿ ಕೈ

ಚಳಿ ಇಳಿದು ಬಿಸಿಲು ಇನ್ನೂ ಬಲಿಯದ ದಿನಗಳು, ಮಧ್ಯಾಹ್ನದ ಊಟದ ಹೊತ್ತು. ಡಬ್ಬದ ಕಾರ್ಖಾನೆಯಲ್ಲಿ ಗಂಟೆ ಹೊಡೆಯಿತು, ಪ್ರೆಸ್ಸುಗಳು ನಿಂತವು. ಉಂಡು ಕೈ ತೊಳೆದು ಎದ್ದವರಿಗೆ ಅಲ್ಲೇ ಹೇಳಿದರು, ನಾಳೆಯಿಂದ ಬರಬೇಡಿ ಎಂದು. ಆ ಪ್ರೆಸ್ಸುಗಳು ಮತ್ತೆ ಶುರುವಾಗಲಿಲ್ಲ. ಶುರುವಾದದ್ದು ಬೇರೆಯದು.

ಅಕ್ಕ, ತಮ್ಮ ಇಬ್ಬರೂ ಅಲ್ಲಿ ಎದುರುಬದುರಾಗಿ ನಿಂತು ತಗಡಿನ ಮುಚ್ಚಳ ಒತ್ತುತ್ತಿದ್ದವರು. ಆ ಸದ್ದಿನಲ್ಲಿ ಗಂಟಲು ಹರಿದುಕೊಂಡರೂ ಪಕ್ಕದವರಿಗೆ ಕೇಳಿಸುತ್ತಿರಲಿಲ್ಲ. ಅದಕ್ಕೇ ಎಲ್ಲರೂ ದನಿ ಬಿಟ್ಟು ತುಟಿಯಲ್ಲೇ ಮಾತಾಡುತ್ತಿದ್ದರು. ಹೊರಗಿನವರು ಬಂದು ನೋಡಿದರೆ ಮೂಕರ ಸಂತೆ. ಬೆಳಿಗ್ಗೆ ಪ್ರೆಸ್ ಶುರುವಾದ ಕೂಡಲೇ ತಮ್ಮ ಆ ಕಡೆಯಿಂದ ತುಟಿ ಆಡಿಸುತ್ತಿದ್ದ: “ಊಟ ಆಯ್ತಾ?” ಮನೆಯಿಂದ ಒಟ್ಟಿಗೆ ಹೊರಟವರು, ಹಲ್ಲುಜ್ಜಿದ ಬಾಯಿ ಇನ್ನೂ ಆರಿರುತ್ತಿರಲಿಲ್ಲ. ಅಕ್ಕ ಈ ಕಡೆಯಿಂದ “ಆಯ್ತು” ಅನ್ನುವಳು. ದಿನಾ ಇದೇ. ಇಬ್ಬರಲ್ಲಿ ಯಾರಿಗೂ ನಗು ಬರುತ್ತಿರಲಿಲ್ಲ, ಬಿಡಲೂ ಆಗುತ್ತಿರಲಿಲ್ಲ.

ತುಟಿಗೂ ಸಾಲದ ಮಾತು ಒಂದಿತ್ತು. ಯಾರದಾದರೂ ಕೈ ಪ್ರೆಸ್ಸಿಗೆ ಸಿಕ್ಕರೆ, ಅದನ್ನು ಕಂಡವರು ಎರಡೂ ತೋಳನ್ನು ತಲೆಯ ಮೇಲೆ ಎತ್ತಿ ಕತ್ತರಿ ಹಾಕಬೇಕು. ಅದನ್ನು ಕಂಡ ಪಕ್ಕದವರು ತಾವೂ ಎತ್ತಬೇಕು. ಹಾಗೆ ಸಾಲಿನುದ್ದಕ್ಕೂ ಕೈಯಿಂದ ಕೈಗೆ ದಾಟಿ ಕೊನೆಯ ಗೋಡೆಯ ಹತ್ತಿರ ನಿಂತವನಿಗೆ ಮುಟ್ಟಿದರೆ ಅವನು ಮೈನ್ ಸ್ವಿಚ್ಚು ಇಳಿಸಿ ಕರೆಂಟು ಕಡಿಯುವನು. ಅವನನ್ನು ಎಲ್ಲರೂ ಸ್ವಿಚ್ಚಣ್ಣ ಅಂತಲೇ ಕರೆಯುತ್ತಿದ್ದರು. ಕತ್ತರಿ ಕೈ ಎತ್ತಿದವರನ್ನು ಯಾಕೆ ಎತ್ತಿದೆ ಎಂದು ಯಾರೂ ಕೇಳಬಾರದು, ಮೊದಲು ನಿಲ್ಲಿಸಬೇಕು. ಮಾಲೀಕರೂ ಈ ವಿಷಯದಲ್ಲಿ ಬಾಯಿ ಹಾಕುತ್ತಿರಲಿಲ್ಲ.

ಕಾರ್ಖಾನೆ ಮುಚ್ಚಿದ ಮೇಲೆ ಮನೆಯಲ್ಲಿ ಕಿವಿಗೆ ಹತ್ತಿ ತುರುಕಿದ ಹಾಗಾಯಿತು. ತಮ್ಮ ಕೂತಲ್ಲಿ ಕೂರಲಾರ, ನಿಂತಲ್ಲಿ ನಿಲ್ಲಲಾರ. ಕೊನೆಗೆ ಗೆಳೆಯನೊಬ್ಬನನ್ನು ಕರೆದುಕೊಂಡು ಬೇಲಿ ಹಾರಿ ಖಾಲಿ ಶೆಡ್ಡಿಗೆ ಹೋಗತೊಡಗಿದ. ಗೆಳೆಯ ಎಣ್ಣೆಯ ಪೀಪಾಯಿಗಳನ್ನು ಬಡಿಯುತ್ತಿದ್ದ, ಆಗಿನಿಂದ ಅವನ ಹೆಸರೇ ಪೀಪಾಯಿ ಆಯಿತು. ತಮ್ಮ ಒಂದು ತಗಡನ್ನು ಸರಪಳಿಗೆ ತೂಗುಹಾಕಿ, ಕೈಗವಸು ತೊಟ್ಟ ಎಡಗೈಯಲ್ಲಿ ಅದರ ಅಂಚು ಹಿಡಿದು ಅಲುಗಿಸುತ್ತ ಬಲಗೈಯಲ್ಲಿ ಸುತ್ತಿಗೆ ಬೀಸುತ್ತಿದ್ದ. ಪಕ್ಕದ ಬೀದಿಯ ಮೇಷ್ಟ್ರ ಮಗ ಬೈಯಲು ಬಂದವನು ಕೇಳುತ್ತ ನಿಂತ. ಮಾರನೆಯ ದಿನ ಗಿಟಾರ್ ತಂದ.

ಮೂವರೂ ಸೇರಿ ಬ್ಯಾಂಡಿಗೆ ‘ಮೂರನೇ ಪಾಳಿ’ ಎಂದು ಹೆಸರಿಟ್ಟರು. ಮೊದಲ ಶೋ ಅದೇ ಶೆಡ್ಡಿನಲ್ಲಿ, ಕೆಲಸ ಹೋದ ಪಾಳಿಯವರೇ ಕೇಳಲು ಬಂದರು. ಬಂದವರು ಗುಂಪಾಗಿ ನಿಲ್ಲಲಿಲ್ಲ. ತಂತಮ್ಮ ಪ್ರೆಸ್ ಇದ್ದ ಜಾಗ ಹುಡುಕಿಕೊಂಡು, ನೆಲದಲ್ಲಿ ಬೋಲ್ಟು ಕಿತ್ತ ತೂತುಗಳ ನಡುವೆ ಒಬ್ಬೊಬ್ಬರೇ ನಿಂತರು. ಚಪ್ಪಾಳೆ ತಟ್ಟಲಿಲ್ಲ. ಮುಗಿದ ಮೇಲೆ ಪಾಳಿ ಬಿಟ್ಟವರ ಹಾಗೆ ಮನೆಗೆ ಹೋದರು.

ಆಮೇಲೆ ಗೋದಾಮುಗಳು ಸಿಕ್ಕವು, ಬೇರೆ ಊರುಗಳು ಸಿಕ್ಕವು. ಒಂದು ಪತ್ರಿಕೆ ಇದು ಸಂಗೀತವೇ ಅಲ್ಲ ಎಂದು ಬರೆಯಿತು. ಮೇಷ್ಟ್ರ ಮಗ ಆ ಸಾಲನ್ನೇ ದೊಡ್ಡ ಅಕ್ಷರದಲ್ಲಿ ಪೋಸ್ಟರಿಗೆ ಹಾಕಿಸಿದ. ಮುಂದಿನ ಶೋಗೆ ಬಾಗಿಲು ಮುಚ್ಚುವಷ್ಟು ಜನ. ಎರಡು ರೆಕಾರ್ಡು ಬಂದವು. ಸ್ವಿಚ್ಚಣ್ಣ ಕರೆಂಟು ನೋಡಿಕೊಳ್ಳಲು ಸೇರಿಕೊಂಡ. ಅಕ್ಕ ವೇದಿಕೆಯ ಪಕ್ಕದಲ್ಲಿ ಮೇಜು ಹಾಕಿಕೊಂಡು ಬ್ಯಾಂಡಿನ ಟೀ ಶರ್ಟ್ ಮಾರತೊಡಗಿದಳು. ತಮ್ಮನ ಕಣ್ಣಿಗೆ ಬೀಳುವಂತೆ ಮೇಜು ಇಡುತ್ತಿದ್ದಳು.

ಹಾಡಿನ ಅತಿ ಜೋರಾದ ಭಾಗ ಬಂದಾಗ ಹಾಡುತ್ತಿದ್ದ ತಮ್ಮ ಸ್ಟ್ಯಾಂಡಿನ ಮೈಕ್ ಬಿಟ್ಟು ಅವಳ ಕಡೆ ತಿರುಗಿ ತುಟಿ ಆಡಿಸುವನು. ಊಟ ಆಯ್ತಾ? ಅವಳು ಟೀ ಶರ್ಟ್ ಮಡಿಸುತ್ತಲೇ ಆಯ್ತು ಅನ್ನುವಳು. ಅಭಿಮಾನಿಗಳಿಗೆ ಇದು ದೊಡ್ಡ ಗುಟ್ಟಾಯಿತು. ಶಾಪ ಅಂದರು ಕೆಲವರು, ಸತ್ತವಳ ಹೆಸರು ಅಂದರು ಇನ್ನು ಕೆಲವರು. ಮೇಷ್ಟ್ರ ಮಗನನ್ನು ಕೇಳಿದರೆ ಮುಖ ಗಂಭೀರ ಮಾಡಿಕೊಂಡು, “ಅದನ್ನ ಬಾಯಿಬಿಟ್ಟು ಹೇಳೋ ಹಾಗಿಲ್ಲ” ಅಂದುಬಿಡುತ್ತಿದ್ದ. ಹುಡುಗರು ಅರ್ಥ ತಿಳಿಯದಿದ್ದರೂ ಆ ತುಟಿಯ ಆಕಾರ ಕಲಿತರು. ಪ್ರತಿ ಊರಿನಲ್ಲೂ ಆ ಭಾಗ ಬಂದಾಗ ನೂರಾರು ಬಾಯಿಗಳು ದನಿಯಿಲ್ಲದೆ, ಕಣ್ಣು ಕೆಂಪಗೆ ಮಾಡಿಕೊಂಡು, ಊಟ ಆಯ್ತಾ ಅನ್ನುತ್ತಿದ್ದವು.

“ನನ್ನ ಮದುವೇಲೂ ಇಷ್ಟು ಜನ ನನ್ನ ಊಟ ವಿಚಾರಿಸಿರಲಿಲ್ಲ ಕಣೋ,” ಅಂದಳು ಅಕ್ಕ.

“ನಿನ್ನ ಮದುವೇಲಿ ಕೊನೇ ಪಂಕ್ತಿಗೆ ಅನ್ನವೇ ಇರಲಿಲ್ಲ. ಯಾವ ಬಾಯಲ್ಲಿ ವಿಚಾರಿಸ್ತಾರೆ?” ಅಂದ ತಮ್ಮ.

ಬರುವವರ ಪೈಕಿ ಒಬ್ಬಳು ಆಸ್ಪತ್ರೆಯ ನರ್ಸ್. ಡ್ಯೂಟಿ ಮುಗಿಸಿ, ಸಮವಸ್ತ್ರದ ಮೇಲೇ ಟೀ ಶರ್ಟ್ ಹಾಕಿಕೊಂಡು, ಸ್ಪೀಕರಿಗೆ ಎದೆ ತಾಗಿಸಿ ನಿಲ್ಲುತ್ತಿದ್ದಳು. ಕುಣಿಯುತ್ತಿರಲಿಲ್ಲ, ಕಣ್ಣು ಮುಚ್ಚುತ್ತಲೂ ಇರಲಿಲ್ಲ. ಒಂದು ದಿನ ಅಕ್ಕ ಕೇಳಿದಳು, ಏನಮ್ಮ ಸಿಗುತ್ತೆ ನಿನಗೆ ಇಲ್ಲಿ ಎಂದು.

“ಏನೂ ಸಿಗಲ್ಲ ಅಕ್ಕ. ದಿನವಿಡೀ ಯಾರು ಅತ್ತರೂ ನನಗೆ ಏನೂ ಆಗಲ್ಲ ಈಗ. ಇಲ್ಲಿ ನಿಂತರೆ ಪಕ್ಕೆಲುಬು ಅಲ್ಲಾಡುತ್ತೆ. ಹಲ್ಲಿಗೆ ತುಂಬಿಸಿದ ಸಿಮೆಂಟೂ ಅಲ್ಲಾಡುತ್ತೆ. ಒಳಗೆ ಏನೋ ಇದೆ ಅಂತಾದರೂ ಗೊತ್ತಾಗುತ್ತಲ್ಲ.”

ಅಕ್ಕನಿಗೆ ಅರ್ಥವಾಯಿತೋ ಇಲ್ಲವೋ, ಮಡಿಸಿದ ಟೀ ಶರ್ಟನ್ನೇ ಮತ್ತೆ ಮಡಿಸಿದಳು.

ವರ್ಷಗಳು ಹೋದವು. ತಮ್ಮ ಬೆಳಿಗ್ಗೆ ಅಂಗಿಯ ಗುಂಡಿ ಹಾಕಿಕೊಳ್ಳಲು ಒದ್ದಾಡುವುದನ್ನು ಅಕ್ಕ ಮೊದಲು ಕಂಡಳು. ಮತ್ತೊಂದು ದಿನ ಶೋಗೆ ಮುಂಚೆ ಎಲ್ಲರಿಗೂ ಚಹಾ ಬಂತು. ಪೀಪಾಯಿ ಕರವಸ್ತ್ರ ಸುತ್ತಿ ಗ್ಲಾಸು ಹಿಡಿದ, ಮೇಷ್ಟ್ರ ಮಗ ಹಿಡಿಯಲಾಗದೆ ಕೆಳಗಿಟ್ಟ. ತಮ್ಮ ಬರಿಗೈಯಲ್ಲಿ ಗ್ಲಾಸನ್ನು ಮುಷ್ಟಿ ಕಟ್ಟಿ ಹಿಡಿದು ಏನೋ ಮಾತಾಡುತ್ತಲೇ ಇದ್ದ. ಅಕ್ಕ ಗ್ಲಾಸು ಕಸಿದುಕೊಂಡಳು. ಅಂಗೈ ಸುಟ್ಟು ಕೆಂಪಗಾಗಿತ್ತು, ಬೆರಳ ತುದಿ ಮಾತ್ರ ಸುಣ್ಣದ ಹಾಗೆ ಬೆಳ್ಳಗಿತ್ತು.

ನರ್ಸನ್ನು ಕರೆದು ತೋರಿಸಿದಳು. ನರ್ಸ್ ಒಂದೊಂದೇ ಬೆರಳು ಒತ್ತಿ ನೋಡಿದಳು. “ಇಷ್ಟು ವರ್ಷ ಸುತ್ತಿಗೆಯ ಅದುರು ತಿಂದ ಬೆರಳಿವು. ರಕ್ತ ಓಡ್ತಿಲ್ಲ. ಈಗ ನಿಲ್ಲಿಸಿದರೆ ಬೆರಳು ಉಳಿಯುತ್ತೆ. ಇಲ್ಲದಿದ್ದರೆ ಒಂದು ದಿನ ಏನಾದರೂ ಕೊಯ್ದರೂ ಇವರಿಗೆ ಗೊತ್ತೇ ಆಗಲ್ಲ.”

“ನಿಲ್ಲಿಸಿದರೆ ಬ್ಯಾಂಡೇ ನಿಲ್ಲುತ್ತೆ,” ಅಂದ ಪೀಪಾಯಿ.

“ನಾನೇನೂ ಹೇಳಲ್ಲಪ್ಪ. ಈ ಸುತ್ತಿನ ಶೋಗಳನ್ನ ಮುಗಿಸಿ ನೋಡೋಣ,” ಅಂದ ಮೇಷ್ಟ್ರ ಮಗ.

ಅವರು ಹೋದ ಮೇಲೆ ಅಕ್ಕ ತಮ್ಮನ ಕೈಗೆ ಬೆಣ್ಣೆ ಹಚ್ಚಿದಳು. “ಬಿಟ್ಟುಬಿಡೋ. ಹೊಟ್ಟೆಪಾಡಿಗೆ ಏನೋ ಒಂದು ನೋಡಿಕೊಂಡರಾಯ್ತು.”

“ಬಿಟ್ಟು ಕೂತರೆ ಕೈ ಇದೆ ಅನ್ನೋದೇ ಮರೆತುಹೋಗುತ್ತೆ ಅಕ್ಕ. ಹೊಡೆದಾಗ ಭುಜದವರೆಗಾದರೂ ಬರುತ್ತೆ.”

“ಅದಕ್ಕೆ ಕೈ ಕಳಕೋತೀಯಾ?”

“ಕೈ ಈಗೆಲ್ಲಿದೆ?” ಅಂದ. ಸಿಟ್ಟಿನಿಂದ ಹೇಳಲಿಲ್ಲ. ಬಸ್ಸು ಹೋಯ್ತು ಎನ್ನುವ ಹಾಗೆ ಹೇಳಿದ. ಅವತ್ತಿನಿಂದ ಅಕ್ಕ ಮೇಜನ್ನು ಇನ್ನಷ್ಟು ವೇದಿಕೆಯ ಹತ್ತಿರಕ್ಕೆ ಎಳೆದುಕೊಂಡಳು.

ಆ ಸುತ್ತಿನ ಕೊನೆಯ ಶೋ ದೊಡ್ಡ ಹಾಲಿನಲ್ಲಿತ್ತು, ಸಂಜೆ. ಮೇಷ್ಟ್ರ ಮಗ ಹಳೆಯ ತಗಡು ತುಕ್ಕು ಹಿಡಿದಿದೆ ಎಂದು ಅದನ್ನು ತೆಗೆಸಿ, ಬೆಳಕಿಗೆ ಥಳಥಳ ಅನ್ನುವ ಹೊಸದನ್ನು ತೂಗಿಸಿದ್ದ. ಹಳೆಯದರ ಅಂಚನ್ನು ತಮ್ಮನೇ ಮಡಿಸಿ ತಟ್ಟಿದ್ದ. ಹೊಸದರ ಅಂಚು ಅಂಗಡಿಯಲ್ಲಿ ಕತ್ತರಿಸಿಕೊಟ್ಟ ಹಾಗೇ ಇತ್ತು. ಅದು ಯಾರಿಗೂ ಹೊಳೆಯಲಿಲ್ಲ. ಅಕ್ಕ ಆ ಹೊತ್ತಿನಲ್ಲಿ ಹೊರಗೆ ಪೆಟ್ಟಿಗೆ ಇಳಿಸಿಕೊಳ್ಳುತ್ತಿದ್ದಳು.

ಶೋ ಶುರುವಾಯಿತು. ನೆಲ ಅದುರಿತು, ಮೇಜಿನ ಮೇಲಿದ್ದ ಚಿಲ್ಲರೆ ತಾನಾಗಿ ಸರಿದು ಕೆಳಗೆ ಬಿತ್ತು. ಮುಂದಿನ ಸಾಲಿನಲ್ಲಿ ನರ್ಸ್ ಎಂದಿನ ಜಾಗದಲ್ಲಿದ್ದಳು. ಜೋರಾದ ಭಾಗ ಬಂತು. ತಮ್ಮ ಮೈಕ್ ಬಿಟ್ಟು ತಿರುಗಿದ. ಅಕ್ಕ ಆಯ್ತು ಅನ್ನಲು ಬಾಯಿ ತೆರೆದಿದ್ದಳು. ತಮ್ಮನ ತುಟಿ ಬೇರೆ ಹೇಳಿತು.

“ಕೈ ಗೊತ್ತಾಗ್ತಿಲ್ಲ.”

ಜನ ಎಂದಿನಂತೆ ಊಟ ಆಯ್ತಾ ಅಂದರು. ಅಕ್ಕ ಅವನ ಎಡಗೈ ನೋಡಿದಳು. ಕೈಗವಸು ಅಂಗೈಗೆ ಅಡ್ಡಲಾಗಿ ಸೀಳಿಹೋಗಿತ್ತು. ಅವನು ಅಂಚನ್ನು ಬಿಗಿಯಾಗಿ ಹಿಡಿದು ಅಲುಗಿಸುತ್ತಲೇ ಇದ್ದ, ಪ್ರತಿ ಅಲುಗಾಟಕ್ಕೂ ತಗಡಿನ ಮೇಲೆ ಕೆಂಪು ಇಳಿಯುತ್ತಿತ್ತು. ಜನ ಅದನ್ನು ಬಣ್ಣ ಅಂದುಕೊಂಡು ಕೇಕೆ ಹಾಕಿದರು. ಪೀಪಾಯಿಯ ಬೆನ್ನು ಈ ಕಡೆಗಿತ್ತು, ಮೇಷ್ಟ್ರ ಮಗನ ಕಣ್ಣಿಗೆ ಲೈಟು ಹೊಡೆಯುತ್ತಿತ್ತು.

ಅಕ್ಕ ಕೂಗಲಿಲ್ಲ. ಕೂಗಿ ಏನೂ ಆಗುವುದಿಲ್ಲವೆಂಬುದು ಅವಳಿಗೆ ಚಿಕ್ಕ ವಯಸ್ಸಿನಿಂದ ಗೊತ್ತು. ವೇದಿಕೆಯ ಅಂಚಿಗೆ ಹತ್ತಿ, ಬೆಳಕಿನಲ್ಲಿ ನಿಂತು, ಎರಡೂ ತೋಳು ಎತ್ತಿ ಕತ್ತರಿ ಹಾಕಿದಳು.

ಮುಂದಿನ ಸಾಲಿನವರಿಗೆ ಅವಳು ಗೊತ್ತು, ಟೀ ಶರ್ಟ್ ಅಕ್ಕ. ಇದೂ ಹಾಡಿನದೇ ಒಂದು ಭಾಗ ಅಂದುಕೊಂಡು ಅವರೂ ಎತ್ತಿದರು. ಅವರನ್ನು ನೋಡಿ ಹಿಂದಿನವರು, ಅವರ ಹಿಂದಿನವರು. ಕಣ್ಣೆದುರೇ ಹಾಲಿನುದ್ದಕ್ಕೂ ತೋಳುಗಳು ಮೇಲೆದ್ದು ಅಡ್ಡಡ್ಡ ಸೇರಿಕೊಂಡವು. ನಿಲ್ಲಿಸಿ ಎನ್ನುವುದು ಅವರಲ್ಲಿ ಒಬ್ಬರಿಗೂ ತಿಳಿದಿರಲಿಲ್ಲ. ಕೊನೆಯ ಗೋಡೆಯ ಹತ್ತಿರ ಕೂತಿದ್ದ ಸ್ವಿಚ್ಚಣ್ಣನಿಗೆ ವಯಸ್ಸಾಗಿತ್ತು, ಅಲ್ಲಿಂದ ವೇದಿಕೆ ಬರೀ ಮಂಜು. ತಲೆಯೆತ್ತಿದರೆ ಎದುರಿಗೆ ಕತ್ತರಿ ಕೈಗಳ ಕಾಡು. ಅವನು ಯಾಕೆ ಎಂದು ಕೇಳಲಿಲ್ಲ. ಮೈನ್ ಇಳಿಸಿದ.

ಗಿಟಾರ್ ಸತ್ತಿತು, ಸ್ಪೀಕರುಗಳು ಸತ್ತವು. ಬಾಗಿಲುಗಳ ಮೇಲಿನ ಸಣ್ಣ ಬ್ಯಾಟರಿ ದೀಪಗಳು ಮಾತ್ರ ಉಳಿದವು. ಪೀಪಾಯಿಯೂ ಕೋಲು ನಿಲ್ಲಿಸಿದ. ಆ ಮೌನದಲ್ಲಿ ಒಂದೇ ಸದ್ದು, ಪಾತ್ರೆ ರಿಪೇರಿಯವನ ಅಂಗಡಿಯಿಂದ ಬರುವಂಥದ್ದು. ಠಣ್. ಠಣ್. ಠಣ್. ತಮ್ಮ ಹೊಡೆಯುತ್ತಲೇ ಇದ್ದ. ಕಿವಿಗೂ ತಿಳಿದಿರಲಿಲ್ಲ, ಕೈಗೂ ತಿಳಿದಿರಲಿಲ್ಲ. ಇಷ್ಟು ವರ್ಷ ಜನ ಕೇಳಲು ಬರುತ್ತಿದ್ದದ್ದು ಇಷ್ಟೇ ಸಣ್ಣ ಸದ್ದು.

ಅಕ್ಕ ಹೋಗಿ ಅವನ ಮಣಿಕಟ್ಟು ಹಿಡಿದಳು.

“ಕರೆಂಟ್ ಹೋಯ್ತಾ?” ಅಂದ.

“ಹ್ಞೂಂ, ಹೋಯ್ತು,” ಅಂದಳು.

ನರ್ಸ್ ಆಗಲೇ ಮೇಲೆ ಹತ್ತಿ ತನ್ನ ಟೀ ಶರ್ಟ್ ಬಿಚ್ಚಿ ಸುತ್ತುತ್ತಿದ್ದಳು. ಕೈ ಉಳಿಯಿತು. ಹೊಲಿಗೆ ಹಾಕುವಾಗ ನೋಯುತ್ತದೆಯೇ ಎಂದು ಡಾಕ್ಟರು ಕೇಳಿದರೆ, ತಮ್ಮ ಗೋಡೆಯ ಕ್ಯಾಲೆಂಡರ್ ನೋಡುತ್ತ ಇಲ್ಲ ಅಂದ. ಎರಡು ಬೆರಳನ್ನು ಮತ್ತೆ ಮಡಚಲಾಗಲಿಲ್ಲ. ಕತ್ತರಿ ಕೈ ಯಾಕೆ ಎತ್ತಿದೆ ಎಂದು ಅವನು ಅಕ್ಕನನ್ನು ಅವತ್ತೂ ಕೇಳಲಿಲ್ಲ, ಆಮೇಲೂ ಕೇಳಲಿಲ್ಲ.

ಅಂಥ ಶೋ ಹಿಂದೆಯೂ ಆಗಿಲ್ಲ, ಮುಂದೆಯೂ ಆಗುವುದಿಲ್ಲ ಎಂದು ಜನ ಹೇಳಿಕೊಂಡು ತಿರುಗಿದರು. ಆ ಕತ್ತಲೆ, ಆ ಒಂಟಿ ಸುತ್ತಿಗೆ, ಎಲ್ಲ ಮೊದಲೇ ಹೂಡಿದ ಆಟ ಅಂದುಕೊಂಡಿದ್ದರು. ಮೇಷ್ಟ್ರ ಮಗ ಅದನ್ನು ಸುಳ್ಳು ಅನ್ನಲಿಲ್ಲ. ತಗಡಿಗೆ ಹೊಸಬನೊಬ್ಬನನ್ನು ಸೇರಿಸಿಕೊಂಡರು. ಹೊಸಬ ತುಟಿಯ ಆಕಾರವನ್ನೂ ಚೆನ್ನಾಗಿ ಕಲಿತುಕೊಂಡ. ಮೊದಲ ಶೋನಲ್ಲೇ ಜೋರಾದ ಭಾಗಕ್ಕೆ ಹಾಲಿಗೆ ಹಾಲೇ ಕತ್ತರಿ ಕೈ ಎತ್ತಿತು. ಸ್ವಿಚ್ಚಣ್ಣ ಮೈನ್ ಇಳಿಸಿದ. ಮೇಷ್ಟ್ರ ಮಗ ಓಡಿ ಬಂದ.

“ಸ್ವಿಚ್ಚಣ್ಣ, ಅವರು ಆಟಕ್ಕೆ ಎತ್ತೋದು.”

“ಆಟದ ಕೈ ಯಾವುದು, ನಿಜದ ಕೈ ಯಾವುದು ಅಂತ ಇಲ್ಲಿಂದ ನಾನು ಹೇಗಪ್ಪ ನೋಡ್ಲಿ? ಕಂಡರೆ ಇಳಿಸ್ತೀನಿ. ಬೇರೆ ಯಾರನ್ನಾದರೂ ನೋಡ್ಕೊ.”

ಟೀ ಶರ್ಟ್ ಮೇಲೆ ಈಗ ಎರಡು ತೋಳಿನ ಕತ್ತರಿಯ ಚಿತ್ರ. ಅಕ್ಕ ಅವನ್ನು ಮಡಿಸುತ್ತಾಳೆ, ಮಾರುತ್ತಾಳೆ. ಮೇಜನ್ನು ಮಾತ್ರ ವೇದಿಕೆಯಿಂದ ದೂರ, ಬಾಗಿಲ ಹತ್ತಿರ ಹಾಕಿಕೊಳ್ಳುತ್ತಾಳೆ. ಅಲ್ಲಿಗೂ ಬಾಯಿಗಳು ತಿರುಗಿ ಕೇಳುತ್ತವೆ. ರೂಢಿಗೆ ಆಯ್ತು ಅನ್ನುತ್ತಾಳೆ.

ಸ್ವಿಚ್ಚಣ್ಣ ಕೆಲಸ ಬಿಟ್ಟದ್ದು ಸೋಮವಾರ. ತಮ್ಮನಿಗೆ ದೂರದ ಊರಿನ ನೀರಿನ ಪಂಪ್‌ಹೌಸಿನಲ್ಲಿ ಕಾವಲಿನ ಕೆಲಸ ಸಿಕ್ಕಿತು, ಮೋಟಾರು ಓಡುತ್ತಿದೆಯೇ ಎಂದು ನೋಡಿಕೊಂಡರೆ ಸಾಕು. ಅಕ್ಕ ಹತ್ತಿಸಲು ಬಂದಾಗ ಬಸ್ಸಿನ ಕಿಟಕಿಯ ಗಾಜಿನ ತುಂಬ ಆಕಾಶ ಬಿದ್ದಿತ್ತು, ಒಳಗೆ ಅವನ ತುಟಿ ಆಡಿತೋ ಇಲ್ಲವೋ ಅಕ್ಕನಿಗೆ ಕಾಣಲಿಲ್ಲ. ಅವಳು ಆಯ್ತು ಅಂದಳು. ತಮ್ಮ ಹೋದದ್ದು ಬುಧವಾರ.