ಮೂವತ್ತೊಂದನೇ ಪುಟದ ಟಿಕ್

ನಾನು ಒಂದು ಬೋರ್‌ವೆಲ್ ಕಂಪನಿಯ ರಿಜಿಸ್ಟರು. ಕೆಂಪು ರಟ್ಟು, ಇನ್ನೂರು ಪುಟ. ಹುಟ್ಟಿದ್ದು ಚಿತ್ರದುರ್ಗದ ಒಂದು ಪ್ರೆಸ್ಸಲ್ಲಿ, ಬದುಕಿದ್ದೆಲ್ಲ ರಿಗ್ ಲಾರಿಯ ಡ್ರೈವರ್ ಸೀಟಿನ ಪಕ್ಕ! ಎಷ್ಟಡಿ ಕೊರೆದ್ರು, ಎಲ್ಲಿ ಕಲ್ಲು ಸಿಕ್ತು, ಎಷ್ಟಿಂಚು ನೀರು, ಎಲ್ಲಾ ನನ್ನೊಳಗೆ. ಕೊನೇ ಕಾಲಂ ಮುಚ್ಚಳದ್ದು. ನೀರು ಬರದ ತೂತಿಗೆ ಕಬ್ಬಿಣದ ಮುಚ್ಚಳ ಹಾಕಿದ್ಮೇಲೆ ಅಲ್ಲೊಂದು ಟಿಕ್ ಹಾಕ್ಬೇಕು.

ಬರೀತಿದ್ದವರು ಸೂಪರ್‌ವೈಸರ್ ರುದ್ರೇಶಪ್ಪ. ಒಳ್ಳೇ ಮನುಷ್ಯ, ಆದ್ರೆ ವಿಪರೀತ ಆತುರ. ಆಯುಧಪೂಜೆ ದಿನ ನನಗೆ ಕುಂಕುಮ ಹಚ್ಚಿ, ಕೂತಲ್ಲೇ ಖಾಲಿ ಪುಟಕ್ಕೆಲ್ಲ ಟಿಕ್ ಹಾಕ್ಬಿಟ್ರು!

ಕೊರೆಯೋ ಪಳನಿ ನಕ್ಕ. "ಏನಣ್ಣ, ಕೊರೆಯೋಕ್ ಮುಂಚೇನೇ ಮುಚ್ಬಿಟ್ರಾ?"

"ಒಳ್ಳೇ ದಿನ ಕಣೋ. ಆಮೇಲೆ ಮರ್ತೋಗತ್ತೆ."

ಮೂವತ್ತೊಂದನೇ ಪುಟ ಹನುಮಕ್ಕನ ಹೊಲದ್ದು. ಆರ್ನೂರಿಪ್ಪತ್ತಡಿ, ಬರೀ ಧೂಳು. ಮುಂದಿನ ಊರಿಂದ ಫೋನ್ ಮೇಲೆ ಫೋನ್. ತೂತಿನ ಮೇಲೆ ಗೋಣಿಚೀಲ ಎಳೆದು ಕಲ್ಲಿಟ್ಟು ಹೊರಟ್ರು. ಮುಚ್ಚಳ ಲಾರಿಯಲ್ಲೇ ಉಳೀತು. ಅವತ್ತಿಂದ ಆ ಪುಟ ತಣ್ಣಗಾಯ್ತು. ಅದರಿಂದ ಸಣ್ಣಗೆ ಉಸಿರು ಬರ್ತಿತ್ತು. ನನ್ನದಲ್ಲ.

ಹತ್ತು ದಿನಕ್ಕೆ ಹನುಮಕ್ಕನ ಫೋನು. "ಅಣ್ಣಾ, ನಿಮ್ ತೂತು ಹೂಂಗುಡ್ತೈತೆ. ನನ್ ಮಗಳು ದಿನಾ ಓಡೋಗಿ ಅದರ ಜತೆ ಮಾತಾಡ್ತಾಳೆ. ಚೀಲದ ಕೆಳಗೆ ಮುಚ್ಚಳ ಐತೆ ತಾನೆ?"

ರುದ್ರೇಶಪ್ಪ ನನ್ನ ತೆಗೆದು ನೋಡಿದ್ರು. "ಟಿಕ್ ಇದೆಯಲ್ಲಮ್ಮ! ಹೆದರ್ಬೇಡ."

ಸುಳ್ಳು ನನ್ನ ಮೈಮೇಲಿತ್ತು, ಕೂಗೋಕೆ ಬಾಯಿಲ್ಲ.

ಪಕ್ಕದಲ್ಲಿ ಉಣ್ತಿದ್ದ ಪಳನಿ ಕೈ ನಿಂತೋಯ್ತು. "ಅಣ್ಣ, ಮುಚ್ಚಿದ ತೂತು ಹೂಂಗುಡಲ್ಲ. ಬಾಯಿ ತೆರೆದಿದ್ರೇನೇ ಗಾಳಿ ಕೂಗೋದು."

ಲಾರಿ ಹೆಂಗೆ ಓಡ್ತು ಅಂತೀರಿ! ಹೊತ್ತು ಇಳೀತಿತ್ತು. ಚೀಲ ಪಕ್ಕದಲ್ಲಿ ಬಿದ್ದಿತ್ತು. ನಾಲ್ಕು ವರ್ಷದ ಕೂಸು ಬೋರಲು ಮಲಗಿ, ತಲೆ ಆಗ್ಲೇ ತೂತೊಳಗೆ. ಪಳನಿ ಎರಡೂ ಕಾಲು ಹಿಡಿದು ಎಳೆದ. ಮಗು ಹೆದರಿರ್ಲಿಲ್ಲ. ಸಿಟ್ಟಾಗಿತ್ತು.

"ಬಿಡು! ಅದಿನ್ನೂ ಮಾತು ಮುಗ್ಸಿಲ್ಲ!"

ಅವತ್ತು ಮುಚ್ಚಳ ಬಿತ್ತು. ಆಮೇಲೆ ರುದ್ರೇಶಪ್ಪ ನನ್ನ ಎದೆಗವುಚಿಕೊಂಡು ಊರೂರು ತಿರುಗಿದ್ರು, ಒಂದೊಂದೇ ತೂತು ನೋಡಿ ಬಂದ್ರು. ಮೂರು ಪುಟ ಬಿಟ್ಟು. ಅವುಗಳ ಮೇಲೆ ಯಾವತ್ತೋ ಕೆಸರು ನೀರು ಸಿಡಿದು ಊರಿನ ಹೆಸರೇ ತೊಳೆದೋಗಿತ್ತು. ಟಿಕ್ ಮಾತ್ರ ಗಟ್ಟಿಯಾಗಿತ್ತು.

ಈಗ ಕಂಪನಿ ಇಲ್ಲ. ತುಕ್ಕು ಹಿಡಿದ ಪೈಪುಗಳ ಕೆಳಗೆ ಬಿದ್ದಿದೀನಿ. ಮೂವತ್ತೊಂದು ಬೆಚ್ಚಗಿದೆ. ಆ ಮೂರು ಪುಟ ಮಾತ್ರ ಹೂಂಗುಡ್ತಾನೇ ಇರ್ತವೆ. ನಿನ್ನೆ ಅದರಲ್ಲೊಂದು ಥಟ್ಟನೆ ಸುಮ್ಮನಾಯ್ತು.

ಯಾರಾದ್ರೂ ಮುಚ್ಚಳ ಹಾಕಿರ್ಲಿ ದೇವ್ರೇ.